ಬೀರುವಿನ ಹಿಂದೆ ಉಳಿದ ಆಕಾಶಮಾರ್ಗದ ಬಗ್ಗೆ

ಸಂಖ್ಯೆ: ದೂರ/ಸಮಯ/ಬೀರು/೧೭

ವಿಷಯ: ಹಳೆಯ ನಿಲ್ದಾಣದಿಂದ ಹೊಸ ನಿಲ್ದಾಣಕ್ಕೆ ವಿಮಾನದ ದೂರ ಮತ್ತು ಪ್ರಯಾಣದ ಅವಧಿಯನ್ನು ಕಾಯಂಗೊಳಿಸುವ ಕುರಿತು.

ಉಲ್ಲೇಖ: ವಿಚಾರಣಾ ಕಿಟಕಿಯ ಗುಮಾಸ್ತೆಯ ವಿರುದ್ಧ ಬಂದಿರುವ ಮೆಚ್ಚುಗೆ ಪತ್ರ.

ಇಲಾಖೆಗೆ ಸಾಕಷ್ಟು ಉದ್ದದ ಗೋಡೆ ಇರಲಿಲ್ಲ. ಆದ್ದರಿಂದ ನಿರ್ದೇಶಕರ ಕೊಠಡಿಯ ನಕಾಶೆಯ ನಡುಭಾಗವನ್ನು ಮಡಿಸಿ ಕಬ್ಬಿಣದ ಬೀರುವಿನ ಹಿಂದೆ ಸಿಕ್ಕಿಸಲಾಗಿದೆ. ಕಾಣುವಷ್ಟನ್ನು ಅಳೆದು, ಎರಡು ನಿಲ್ದಾಣಗಳ ನಡುವಿನ ದೂರ ಇನ್ನೂರ ಹತ್ತು ಕಿಲೋಮೀಟರ್, ಅವಧಿ ಮೂವತ್ತೈದು ನಿಮಿಷ ಎಂದು ಬೋರ್ಡಿನಲ್ಲಿ ಬರೆಸಲಾಗಿದೆ. ವಿಮಾನಗಳು ಮಾತ್ರ ಎಪ್ಪತ್ತೈದು ನಿಮಿಷ ತೆಗೆದುಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಬೀರುವನ್ನು ಸರಿಸಲು ಪೀಠೋಪಕರಣ ಶಾಖೆಯ ಒಪ್ಪಿಗೆ ಬೇಕು. ಆ ಶಾಖೆಯನ್ನು ರದ್ದುಪಡಿಸಲಾಗಿದೆ. ಆದಕಾರಣ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ದೂರ ಸರಿಯಾಗಿದೆ. ತಪ್ಪು ವಿಮಾನದ್ದು.

೨. ಮೂವತ್ತೈದನೆಯ ನಿಮಿಷ ಮುಗಿದ ಕೂಡಲೇ ಪ್ರಯಾಣಿಕರನ್ನು ತಲುಪಿದವರೆಂದು ಪರಿಗಣಿಸಲಾಗುವುದು. ತಲುಪಿದವರು ಗಗನಸಖಿಯನ್ನು ನೀರು ಕೇಳುವಂತಿಲ್ಲ. ಆನಂತರ ಕಿಟಕಿಯಾಚೆ ಮೋಡ ಕಂಡಲ್ಲಿ ಅದನ್ನು ನಿಲ್ದಾಣದ ಗೋಡೆಯೆಂದು ಭಾವಿಸತಕ್ಕದ್ದು.

೩. ಎದುರುಗೊಳ್ಳಲು ಬಂದ ಬಂಧುಗಳು ಅದೇ ಕ್ಷಣದಿಂದ ಕುಶಲ ವಿಚಾರಿಸಲು ಆರಂಭಿಸತಕ್ಕದ್ದು. ಉತ್ತರ ಬಾರದಿದ್ದಲ್ಲಿ ಮುನಿಸಿಕೊಳ್ಳಲು ಅವಕಾಶವಿದೆ.

೪. ಉಳಿದ ನಲವತ್ತು ನಿಮಿಷವನ್ನು ಪೈಲಟ್‌ಗಳ ಸ್ವಂತ ರಜೆಯಿಂದ ಕಳೆಯಲಾಗುವುದು. ರಜೆಯಲ್ಲಿರುವ ನೌಕರರು ಇಲಾಖೆಯ ಯಂತ್ರಗಳನ್ನು ಮುಟ್ಟುವಂತಿಲ್ಲ. ಹಾಗಾದರೆ ವಿಮಾನವನ್ನು ಇಳಿಸುವವರು ಯಾರು ಎಂಬ ಪ್ರಶ್ನೆ ಪರಿಶೀಲನೆಯಲ್ಲಿದೆ.

೫. ಆಪರೇಷನ್ನಿಗೆ ಮುಂಚೆ ಅಕ್ಕನನ್ನು ನೋಡಲು ಹೊರಟಿದ್ದ ಬಡಗಿಯೊಬ್ಬರಿಗೆ ವಿಚಾರಣಾ ಕಿಟಕಿಯ ಗುಮಾಸ್ತೆ, "ಅಣ್ಣಾ, ಬೋರ್ಡ್ ನಂಬ್ಕೊಂಡು ಕೂತ್ರೆ ಅಕ್ಕ ಸಿಗಲ್ಲ. ಮಧ್ಯೆ ಒಂದು ಬೀರು ಇದೆ. ಈಗ ಹೊರಡೋ ವಿಮಾನಾನೇ ಹತ್ಕೊಳ್ಳಿ" ಎಂದು ಹೇಳಿರುತ್ತಾರೆ. ಬಡಗಿ ಹಾಗೆಯೇ ಮಾಡಿ, ಅಕ್ಕನ ಕೈ ಹಿಡಿದು ಮಾತಾಡಿಸಿ, ಮೆಚ್ಚುಗೆ ಪತ್ರ ಕಳಿಸಿರುತ್ತಾರೆ. ಇದರಿಂದ ಅಪರಾಧ ಸಾಬೀತಾಗಿದೆ. ಕೆಲಸದಿಂದ ಏಕೆ ತೆಗೆಯಬಾರದೆಂದು ವಿವರಣೆ ಕೇಳಲಾಗಿ, ಗುಮಾಸ್ತೆಯು, "ಸಾರ್, ನೀವೇ ಒಂದ್ಸಲ ಹೋಗಿ. ಮೂವತ್ತೈದ್ನೇ ನಿಮಿಷಕ್ಕೆ ಬಾಗಿಲು ತೆಗೆದು ಇಳ್ಕೊಳ್ಳಿ" ಎಂದು ಉತ್ತರಿಸಿರುತ್ತಾರೆ.

೬. ಸದರಿ ಉತ್ತರ ತೃಪ್ತಿಕರವಾಗಿಲ್ಲ. ಗುಮಾಸ್ತೆಯನ್ನು ಕೆಲಸದಿಂದ ತೆಗೆದು, ಕಳೆದ ಸೋಮವಾರ ಕಿಟಕಿಗೆ ಹಲಗೆ ಹೊಡೆಸಲಾಗಿದೆ. ಈ ಕೆಲಸಕ್ಕೆ ಅದೇ ಬಡಗಿಯನ್ನು ಕರೆಸಲಾಗಿತ್ತು. ಅವರು ಬರಲಿಲ್ಲ. ಮೊಳೆಗಳನ್ನು ಇಲಾಖೆಯ ವತಿಯಿಂದಲೇ ಹೊಡೆಯಲಾಗಿದ್ದು, ಹೆಬ್ಬೆರಳಿಗೆ ಪೆಟ್ಟಾದ ಮೇಲಧಿಕಾರಿಯವರು ಚೇತರಿಸಿಕೊಳ್ಳುತ್ತಿದ್ದಾರೆ. ಇನ್ನು ಮುಂದೆ ಸಾರ್ವಜನಿಕರು ಬೋರ್ಡನ್ನೇ ನಂಬತಕ್ಕದ್ದು.

ಸಹಿ/-
ನಿರ್ದೇಶಕರು (ದೂರ)

ಪ್ರತಿಗಳು:
ನಿರ್ದೇಶಕರು (ಸಮಯ), ಗಡಿಯಾರಗಳನ್ನು ತಿದ್ದುವ ಸಲುವಾಗಿ.
ರಜೆಯಲ್ಲಿರುವ ಎಲ್ಲ ಪೈಲಟ್‌ಗಳಿಗೆ, ಆಕಾಶದಲ್ಲಿ ಸಿಕ್ಕಲ್ಲಿ.
ಮಾಜಿ ಗುಮಾಸ್ತೆಗೆ, ಮನೆ ವಿಳಾಸಕ್ಕೆ.
ಕಡತಕ್ಕೆ: ಕಿಟಕಿ ಮುಚ್ಚಿದ ಮೇಲೆ, ಬೋರ್ಡನ್ನು ನಂಬಿ ಹೋದವರಿಗೆ ಈ ವಾರ ತಪ್ಪಿದ್ದು, ನೌಕರಿಯ ಸಂದರ್ಶನ ಮೂರು, ಪರೀಕ್ಷೆ ಒಂದು, ಕೊನೆಯ ಮುಖದರ್ಶನ ಎರಡು.