ಕುರುಗೋಡಿನ ಕೊನೆಯ ಬೀಪಿ

ಅಕ್ಷೋಭ್ಯನ ಅಂದಿನ ಪಾಡಿಗೆಲ್ಲ ಒಂದು ಲೋಟ ಚಹಾ ಕಾರಣ. ಕುರುಗೋಡಿನಲ್ಲಿ ಬಸ್ಸಿಳಿದು, ಸುಂಕಮ್ಮನವರ ಮನೆಯ ಮುಂದೆ ಅವನು ಚಪ್ಪಲಿ ಬಿಡುವುದರೊಳಗೆ ಅವರು ಎರಡು ಲೋಟ ಹಿಡಿದು ಬಂದರು. ಒಂದನ್ನು ಅವನ ಕೈಗಿಟ್ಟು ಇನ್ನೊಂದನ್ನು ತಾವೇ ಕುಡಿದುಬಿಟ್ಟರು.

“ಚಹಾ ಕುಡದ ಬಿಟ್ರೇನಮ್ಮಾ?” ಅಕ್ಷೋಭ್ಯನ ದನಿ ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡವನ ದನಿಯಂತಿತ್ತು.

“ಮತ್ತ? ನಿಮಗ ಕೊಟ್ಟು ನಾನು ನಿಮ್ಮ ಬಾಯಿ ನೋಡ್ಕೋತ ನಿಂದ್ರಬೇಕೇನ್ರಿ?”

“ಚಹಾ ಕುಡದು ಅರ್ಧ ತಾಸು ಬೀಪಿ ನೋಡಂಗಿಲ್ರಿ.”

“ಅದಕ್ಕೇನಾತು, ಕುಂದ್ರಿ. ಮಳಿ ಬಂದೈತೇನು, ಬೆಂಕಿ ಬಿದ್ದೈತೇನು?”

ಅಕ್ಷೋಭ್ಯನಿಗೆ ಎರಡೂ ಬಂದಂತಾಗಿತ್ತು. ಅವನು ಬಳ್ಳಾರಿಯ ಒಂದು ಸಂಶೋಧನಾ ಕೇಂದ್ರದ ವಿಜ್ಞಾನಿ. ರಕ್ತದೊತ್ತಡ ಏರಿದಾಗ ಮಿದುಳಿನ ಕೂದಲೆಳೆಯಂಥ ನಾಳಗಳು ಹೇಗೆ ಸವೆಯುತ್ತವೆ, ನೆನಪು ಯಾವಾಗ ಜಾರತೊಡಗುತ್ತದೆ ಎಂಬುದು ಅವನ ಅಧ್ಯಯನ. ಅದಕ್ಕೆ ಒತ್ತಡ ಹೆಚ್ಚಿದ್ದೂ ಇನ್ನೂ ಗುಳಿಗೆ ಶುರುಮಾಡದವರು ಬೇಕು. ಸಿರುಗುಪ್ಪ, ದೇಶನೂರಿನ ಕಡೆಯದೆಲ್ಲ ಮುಗಿದಿತ್ತು. ಕುರುಗೋಡಿನಲ್ಲಿ ಮಾತ್ರ ಒಬ್ಬರು ಕಡಿಮೆ ಬಿದ್ದಿದ್ದರು. ಆ ಒಬ್ಬರು ಸಂಜೆಯೊಳಗೆ ಸಿಗದಿದ್ದರೆ ಕುರುಗೋಡನ್ನೇ ಕೈಬಿಡುವುದಾಗಿ ಮೇಲಧಿಕಾರಿ ಜಯಶ್ರೀ ಮೇಡಂ ಹೇಳಿಬಿಟ್ಟಿದ್ದರು. ಕುರುಗೋಡು ಹೋದರೆ ಅವನ ಎರಡು ವರ್ಷದ ದುಡಿಮೆಯೂ ಹೋದಂತೆ.

ಹದಿನೈದು ದಿನದ ಹಿಂದೆ ಊರಿನ ಶಿಬಿರದಲ್ಲಿ ಸುಂಕಮ್ಮನವರ ಬೀಪಿ ನೋಡಿ ಅವನಿಗೆ ನಿಧಿ ಸಿಕ್ಕಷ್ಟು ಸಂತೋಷವಾಗಿತ್ತು. ಆಮೇಲೆ ಆ ಸಂತೋಷಕ್ಕೆ ತಾನೇ ನಾಚಿಕೊಂಡು, “ನಾಡಿದ್ದು ಬರ್ತೀನಮ್ಮಾ. ನಮ್ಮದೊಂದು ಪರೀಕ್ಷೆ ಮುಗಿದ ಕೂಡ್ಲೆ ಗುಳಿಗಿ ಶುರು ಮಾಡಿಸ್ತೀನಿ” ಎಂದಿದ್ದ. ಕಚೇರಿಯ ಜೀಪು ಕೆಟ್ಟು ಕೂತಿತು. ನಾಡಿದ್ದು ಅನ್ನುವುದು ಜಾರಿ ಜಾರಿ ಇಂದಿಗೆ ಬಂದಿತ್ತು.

ಅರ್ಧ ತಾಸು ಮುಗಿಯುತ್ತ ಬಂತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಸುಂಕಮ್ಮನವರ ಮೈದುನ ಸುಂಕಣ್ಣ ಒಂದು ತಟ್ಟೆ ಮಿರ್ಚಿ ಬಜ್ಜಿ, ಮೂರು ಲೋಟ ಚಹಾ ಹಿಡಿದು ಬಂದ.

“ಬ್ಯಾಡ್ರಿ ಸುಂಕಣ್ಣ, ಇವರು ಈಗ ಚಹಾ ಮುಟ್ಟಂಗಿಲ್ಲ.”

“ಅತ್ತಿಗೆಮ್ಮನ ಚಾ ಸಲೀಸಾಗಿ ಇಳೀತು. ನಮ್ಮ ಮನಿ ಚಾ ಏನು ಗಂಟಲಾಗ ಸಿಗಬೀಳ್ತೈತೇನ್ರಿ?”

ಸುಂಕಮ್ಮ ಮೈದುನನ ಮುಖ ನೋಡಿದರು. ಮನೆ ಪಾಲಾದ ಮೇಲೆ ಎರಡೂ ಕಡೆಯವರು ಮತ್ತೆ ಮಾತಾಡಿದ್ದೇ ಈಚೆಗೆ. ಲೋಟ ತೆಗೆದುಕೊಂಡು ಕುಡಿದರು. ಅಕ್ಷೋಭ್ಯನೂ ಕುಡಿದ. ಮತ್ತೆ ಅರ್ಧ ತಾಸು.

“ಡಾಕ್ಟ್ರೇ, ಕುಂತದ್ದು ಕುಂತೀರಿ, ನನ್ನ ಮೊಣಕಾಲು ಒಂದೀಟು ನೋಡ್ರಿ” ಎಂದ ಸುಂಕಣ್ಣ.

“ನಾನು ಆ ಥರದ ಡಾಕ್ಟರ್ ಅಲ್ರಿ.”

“ಮತ್ಯಾವ ಥರ? ದನದವರೇನು?”

“ನಾನು ಸಂಶೋಧನೆ ಮಾಡೋನು. ಮಿದುಳಿಂದು.”

ಸುಂಕಣ್ಣ ಕಾಲು ಮಡಿಚಿಕೊಂಡ. “ಹಂಗಾರ ಬಿಡ್ರಿ. ಅದು ನನಗ ನೋವಿಲ್ಲ.”

ಈ ವೇಳೆಗೆ ಎದುರು ಮನೆಯವರ ಮರ್ಯಾದೆಯೂ ಎಚ್ಚರಗೊಂಡಿತ್ತು. ಅವರದು ಮಜ್ಜಿಗೆ. ಮಜ್ಜಿಗೆಗೆ ಅಕ್ಷೋಭ್ಯನ ನಿಯಮದಲ್ಲಿ ಅಡ್ಡಿ ಇರಲಿಲ್ಲ, ಆದರೆ ಉಪ್ಪು ಬಹಳ ಮುಂದಾಗಿತ್ತು. ಸುಂಕಮ್ಮ ತಮ್ಮ ಪಾಲನ್ನೂ ಅವನ ಲೋಟಕ್ಕೇ ಬಗ್ಗಿಸಿದರು.

ಕಡೆಗೂ ಯಂತ್ರ ಹೊರಗೆ ಬಂತು. “ಅಮ್ಮಾ, ಐದು ಮಾತು ಹೇಳ್ತೀನಿ, ನೆನಪಿಟ್ಕೋರಿ. ಬಾವಿ, ಕುದುರೆ, ಹಳದಿ, ಗಡಿಯಾರ, ಸೌತೆಕಾಯಿ. ಇನ್ನ ಐದು ನಿಮಿಷ ಸುಮ್ಮನ ಕೂಡ್ರಬೇಕು. ಆಮೇಲೆ ಬೀಪಿ ನೋಡಿ, ಆ ಐದನ್ನ ಕೇಳ್ತೀನಿ.”

“ಸುಮ್ಮನ ಅಂದ್ರ?”

“ಮಾತಾಡಂಗಿಲ್ಲ.”

“ಮನಿಗೆ ಬಂದೋರ ಮುಂದ ಬಾಯಿ ಮುಚ್ಕೊಂಡು ಕುಂದ್ರಾಕ ಇದೇನು ಸತ್ತ ಮನಿಯೇನ್ರಿ?” ಎಂದ ಸುಂಕಣ್ಣ. ಹಾಗೆಂದವನು ಅತ್ತಿಗೆಯ ಮುಖ ನೋಡಿ ತುಟಿ ಕಚ್ಚಿಕೊಂಡ. ಅವನ ಅಣ್ಣ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಸುಂಕಮ್ಮನವರನ್ನು ನೀರು ಕೇಳುವಾಗ ಅವನ ಮಾತು ಅರ್ಧಕ್ಕೇ ನಿಂತಿತ್ತು. ತಲೆಯಲ್ಲಿ ರಕ್ತನಾಳ ಒಡೆದಿತ್ತು ಎಂದಿದ್ದರು ವೈದ್ಯರು.

ಆದರೂ ಸುಮ್ಮನಿರುವುದು ಯಾರಿಂದಲೂ ಆಗಲಿಲ್ಲ. ಹೆಂಗಸೊಬ್ಬರು ಹಣಿಕಿ ಹಾಕಿ “ಏನು ನಡದೈತಿ?” ಎಂದರು. ಏನೂ ನಡೆದಿಲ್ಲವೆಂದು ಮೂವರು ಒಟ್ಟಿಗೆ ವಿವರಿಸಿದರು. ಐದು ನಿಮಿಷ ಮತ್ತೆ ಮೊದಲಿಂದ. ಕೊನೆಗೆ ಅಕ್ಷೋಭ್ಯ ಕೈಮುಗಿದ. “ಎಲ್ಲಾರೂ ಕಣ್ಣು ಮುಚ್ಚಿ ಮನಸ್ಸಿನ್ಯಾಗ ದೇವರ ಹೆಸರು ಹೇಳ್ಕೋರಿ. ತುಟಿ ಮಾತ್ರ ಅಲ್ಲಾಡಬಾರದು.”

ಆಗ ಓಣಿಗೆ ಓಣಿಯೇ ಮೌನವಾಯಿತು. ಜಗತ್ತನ್ನು ನಡೆಸುವವನಿಗೆ ಆ ಐದು ನಿಮಿಷ ಕುರುಗೋಡಿನಿಂದ ಒಂದೇ ಸಮನೆ ಕರೆ ಹೋಗಿರಬೇಕು. ಯಂತ್ರ ಉಸಿರು ತುಂಬಿಕೊಂಡು, ಬಿಟ್ಟು, ಅಂಕಿ ತೋರಿಸಿತು. ನೂರ ಇಪ್ಪತ್ತೆರಡು, ಎಪ್ಪತ್ತೆಂಟು.

ಅಕ್ಷೋಭ್ಯ ಕಣ್ಣುಜ್ಜಿಕೊಂಡ. ಇನ್ನೊಮ್ಮೆ ನೋಡಿದ. ಮತ್ತೆ ಅದೇ. ಯಂತ್ರ ಕೆಟ್ಟಿರಬೇಕೆಂದು ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡ. ನೂರ ಎಪ್ಪತ್ತು, ನೂರ ನಾಲ್ಕು. ಮತ್ತೊಮ್ಮೆ ಒತ್ತಿದ. ಇನ್ನಷ್ಟು ಏರಿತು.

“ಮಶೀನು ಚಲೋ ಐತಿ” ಎಂದ ಸುಂಕಣ್ಣ, ಇಣುಕಿ ನೋಡಿ.

“ಅಮ್ಮಾ, ಹದಿನೈದು ದಿನದಾಗ ಇದು ಹೆಂಗ ಇಳೀತು?”

ಸುಂಕಮ್ಮನವರ ಮುಖ ಪರೀಕ್ಷೆ ಪಾಸಾದ ಹುಡುಗಿಯ ಮುಖದಂತೆ ಅರಳಿತು. “ನೀವು ನಾಡದು ಅಂದ್ರಿ, ಬರಲಿಲ್ಲ. ನನಗ ನಮ್ಮ ಯಜಮಾನರ ನೆನಪಾಗಿ ಹೆದರಿಕಿ ಆತು. ಸರ್ಕಾರಿ ದವಾಖಾನಿಗೆ ಹೋಗಿ ಗುಳಿಗಿ ಬರಿಸ್ಕೊಂಡೆ. ಒಂದು ದಿನ ತಪ್ಪಿಸಿಲ್ಲ. ಉಪ್ಪು ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ. ನೀವು ಬರಾದ್ರಾಗ ಎಲ್ಲಾ ನೆಟ್ಟಗ ಆಗಿರ್ಬೇಕಲ್ರಿ. ಮನಿಗೆ ದೊಡ್ಡೋರು ಬರ್ತಾರಂದ್ರ ಕಸ ಹೊಡದು ಇಡಂಗಿಲ್ಲೇನು, ಹಂಗ.”

ಅಕ್ಷೋಭ್ಯ ತೋಳಿನ ಪಟ್ಟಿ ಬಿಚ್ಚಿದ. ವಿಜ್ಞಾನಿಗೆ ಅಳು ಬಂತು, ಮನುಷ್ಯನಿಗೆ ಸಮಾಧಾನವಾಯಿತು. “ಚಲೋ ಮಾಡೀರಮ್ಮ” ಎಂದ. “ನಾನು ಕಾಯ್ರಿ ಅಂದದ್ದೇ ತಪ್ಪು. ಇನ್ನ ಎಂದೂ ಬಿಡಬ್ಯಾಡ್ರಿ.”

“ಐದು ಮಾತು ಕೇಳಲೇ ಇಲ್ಲ?”

ಅದು ಇನ್ನು ಬೇಕಿರಲಿಲ್ಲ. ಆದರೂ ಕೇಳಿದ. ಸುಂಕಮ್ಮ ಬಾವಿ ಎಂದು ನಿಂತರು. ಅಕ್ಷೋಭ್ಯನ ಬೆನ್ನ ಹಿಂದೆ ಸುಂಕಣ್ಣ ಕಡಿವಾಣ ಹಿಡಿದವನಂತೆ ಕುಣಿಯುತ್ತ ನಾಲಿಗೆಯಿಂದ ಟಕ್ ಟಕ್ ಎನಿಸಿದ. “ಕುದುರಿ” ಎಂದರು. ಹಳದಿಗೆ ಯಾರೋ ಸೆರಗು ತೋರಿಸಿದರು. ಗಡಿಯಾರಕ್ಕೆ ಮಣಿಕಟ್ಟು. ಸೌತೆಕಾಯಿಯನ್ನು ಎದುರು ಮನೆಯವರು ಅಡುಗೆಮನೆಯಿಂದ ತಂದೇಬಿಟ್ಟರು. ಇಡೀ ಓಣಿ ನೂರಕ್ಕೆ ನೂರು ಅಂಕ ಪಡೆದು ಚಪ್ಪಾಳೆ ತಟ್ಟಿತು.

ಬಸ್ಸು ಬಳ್ಳಾರಿ ಸೇರುವಾಗ ಜಯಶ್ರೀ ಮೇಡಂ ಫೋನು ಬಂತು.

“ಸಿಕ್ಕರೇನ್ರಿ ಒಬ್ಬರು?”

“ಒಬ್ಬರು ಸಿಕ್ಕಾರ ಮೇಡಂ. ನೂರ ಎಪ್ಪತ್ತರ ಮ್ಯಾಲೆ ಐತಿ, ಗುಳಿಗಿ ಇನ್ನೂ ಶುರು ಮಾಡಿಲ್ಲ.”

“ಬಹಳ ಸಂತೋಷ. ಹೆಸರು ಹೇಳಿ.”

“ಅಕ್ಷೋಭ್ಯ.”

“ತಮ್ಮ ಅಧ್ಯಯನದಾಗ ತಾವೇ ಸೇರಂಗಿಲ್ರಿ. ನಾಳೆ ಡಾಕ್ಟರ್ ಕಡೆ ಹೋಗಿ ಬರ್ರಿ” ಎಂದು ಮೇಡಂ ಫೋನು ಇಟ್ಟರು. ಕುರುಗೋಡು ಅಲ್ಲಿಗೆ ಮುಗಿಯಿತು.

ಜೇಬಿಗೆ ಹಾಕುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಸುಂಕಮ್ಮ.

“ಡಾಕ್ಟ್ರೇ, ಮಶೀನು ಇಲ್ಲೇ ಬಿಟ್ಟು ಹೋಗೀರಿ. ಓಣಿಯವರೆಲ್ಲ ಸಾಲು ಹಚ್ಚಿ ನೋಡ್ಕೊಳ್ಳಾಕತ್ತಾರ. ಎಲ್ಲಾರದೂ ನಿಮ್ಮದಕ್ಕಿಂತ ಕಡಿಮಿ ಐತಿ.” ಆಮೇಲೆ ದನಿ ತಗ್ಗಿಸಿ ಕೇಳಿದರು. “ಹಿಂಗ ಮರಿತೀರಲ್ರಿ. ಆ ಐದು ಮಾತು ಹೇಳ್ರಿ ನೋಡೋಣು.”

ಅಕ್ಷೋಭ್ಯ ನಕ್ಕ. ಎರಡು ವರ್ಷದಿಂದ ಊರೂರಲ್ಲಿ ಕೇಳಿಕೊಂಡು ಬಂದ ಮಾತು. “ಬಾವಿ, ಹಳದಿ, ಗಡಿಯಾರ, ಸೌತೆಕಾಯಿ...” ಅಲ್ಲಿಗೆ ನಿಂತ.

ಆ ಕಡೆಯಿಂದ ಸುಂಕಣ್ಣ ದಯೆ ತೋರಿ ನಾಲಿಗೆಯಿಂದ ಟಕ್ ಟಕ್ ಎನಿಸಿದ.

“ಗಡಿಯಾರ” ಎಂದ ಅಕ್ಷೋಭ್ಯ.

“ಅದು ಹೇಳೀರಿ” ಎಂದರು ಸುಂಕಮ್ಮ, ಬಹಳ ಮೆತ್ತಗೆ. “ಮನಿಗೆ ಹೋಗಿ ಉಪ್ಪಿಲ್ದ ಊಟ ಮಾಡಿ ಮಲಗ್ರಿ. ನಾಡದು ನಾವೇ ಬಂದು ನೋಡ್ತೀವಿ.”