ಏಳು ಸೆಕೆಂಡಿನ ಕಾವಲುಗಾರ

ಎಲ್ಲಕ್ಕೂ ಕಾರಣ ಒಂದು ಚಿಟಿಕೆ ಧೂಳು. ರೇಡಿಯೋ ನಿಲಯಕ್ಕೆ ಮುಖ್ಯಸ್ಥರಾಗಿ ಹೊಸದಾಗಿ ಬಂದ ಮೇಡಂ ಬೆಳಿಗ್ಗೆ ಒಂಬತ್ತಕ್ಕೆ ಒಂದೊಂದೇ ಕೋಣೆ ನೋಡುತ್ತ ಬಂದವರು, ಸ್ಟುಡಿಯೋ ಗಾಜಿನ ಈಚೆಗಿದ್ದ ಮೇಜಿನ ಮುಂದೆ ನಿಂತರು. ಅಲ್ಲಿದ್ದ ದಪ್ಪ ಕೆಂಪು ಗುಂಡಿಯ ಮೇಲೆ ಸುಮ್ಮನೆ ಬೆರಳಾಡಿಸಿದರು. ಬೆರಳು ಬೂದಿ ಮುಟ್ಟಿದ ಹಾಗಾಯಿತು.

"ಏನಿದು?"

"ಗುಂಡಿ, ಮೇಡಂ," ಎಂದ ಗುಂಡಿಯಣ್ಣ, ಎದ್ದು ನಿಂತು. ನಿಲಯದಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದುದರಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

"ಗುಂಡಿ ಅಂತ ಕಾಣುತ್ತಲ್ಲ. ಏನಕ್ಕಿದು?"

ಗುಂಡಿಯಣ್ಣ ಉತ್ಸಾಹದಿಂದ ವಿವರಿಸಿದ. ದಿನಾ ಹತ್ತರಿಂದ ಹನ್ನೆರಡರವರೆಗೆ 'ಹತ್ತರ ಹರಟೆ' ನೇರ ಪ್ರಸಾರ. ರಾಜಕೀಯ, ಇತಿಹಾಸ, ಸಂಸ್ಕೃತಿ, ಯಾವ ವಿಷಯಕ್ಕಾದರೂ ಕೇಳುಗರು ಫೋನ್ ಮಾಡಿ ಮಾತಾಡಬಹುದು. ಆದರೆ ಒಳಗೆ ಆಡಿದ ಮಾತು ಊರಿಗೆ ಕೇಳಿಸುವುದು ಏಳು ಸೆಕೆಂಡು ತಡವಾಗಿ. ಯಾರಾದರೂ ಬಾಯಿಗೆ ಬಂದಂತೆ ಬೈದರೆ ಆ ಏಳು ಸೆಕೆಂಡಿನೊಳಗೆ ಗುಂಡಿ ಒತ್ತಬೇಕು. ಬೈಗುಳ ಅಲ್ಲೇ ಸಾಯುತ್ತದೆ, ಅದರ ಜಾಗದಲ್ಲಿ ಊರಿಗೆ ಸಂಗೀತದ ತುಣುಕು ಕೇಳಿಸುತ್ತದೆ.

"ಇಲ್ಲೀವರೆಗೆ ಎಷ್ಟು ಸಲ ಒತ್ತಿದೀರಿ?"

ಗುಂಡಿಯಣ್ಣ ಚಾವಣಿ ನೋಡಿದ. "ಹನ್ನೊಂದು ವರ್ಷ ಆಯ್ತು ಮೇಡಂ. ಇನ್ನೂ ಒಂದ್ಸಲಾನೂ ಒತ್ತಿಲ್ಲ. ಆದ್ರೆ ಯಾವಾಗ್ಲೂ ರೆಡಿಯಾಗೇ ಇರ್ತೀನಿ."

ಮೇಡಂ ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. "ಇವತ್ತಿನ ಕಾರ್ಯಕ್ರಮ ಮುಗಿಯೋವರೆಗೂ ನೋಡ್ತೀನಿ. ಇವತ್ತೂ ಒತ್ತೋ ಪ್ರಸಂಗ ಬರ್ಲಿಲ್ಲ ಅಂದ್ರೆ, ಈ ಗುಂಡೀನೂ ಬೇಡ, ಈ ಕುರ್ಚೀನೂ ಬೇಡ."

ಅವರು ಹೋದ ಮೇಲೆ ಗುಂಡಿಯಣ್ಣ ಕುರ್ಚಿಯ ಎರಡೂ ಕೈ ಹಿಡಿದು ಕೂತ. ಆ ಕುರ್ಚಿ ಅವನಿಗೆ ಪ್ರಾಣ. ಊರಲ್ಲಿ ಸರ್ಕಾರ ಬಿದ್ದರೂ, ಯಾವುದೋ ಕಾಲದ ರಾಜ ಯುದ್ಧ ಸೋತರೂ, ನಾಟಕ ಮೇಲೋ ಸಿನಿಮಾ ಮೇಲೋ ಎಂದು ಜಗಳ ಹತ್ತಿದರೂ, ಎಲ್ಲರಿಗಿಂತ ಏಳು ಸೆಕೆಂಡು ಮೊದಲು ತಿಳಿಯುತ್ತಿದ್ದುದು ಅವನಿಗೇ. ಐವತ್ತೆರಡರ ವಯಸ್ಸಿನಲ್ಲಿ, ಗುಂಡಿ ಒತ್ತದೆ ಕೂರುವ ವಿದ್ಯೆಯೊಂದನ್ನೇ ಕಲಿತವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ತೊಂದರೆಯೇನೆಂದರೆ, 'ಹತ್ತರ ಹರಟೆ'ಗೆ ಫೋನ್ ಮಾಡುವವರೆಲ್ಲ ಪರಮ ಸಭ್ಯರು. ಸಿಟ್ಟು ನೆತ್ತಿಗೇರಿದರೂ "ತಾವು ತಪ್ಪು ತಿಳಿಯಬಾರದು" ಎಂದೇ ಶುರು ಮಾಡುವವರು. ಇವತ್ತಿನ ವಿಷಯ ಮಾತ್ರ ಬಿಸಿಯಾಗಿಯೇ ಇತ್ತು: ಪೇಟೆಯ ವೃತ್ತದಲ್ಲಿರುವ ಹಳೇ ಗಡಿಯಾರ ಗೋಪುರವನ್ನು ಕೆಡವಬೇಕೋ ಬೇಡವೋ. ಗುಂಡಿಯಣ್ಣನಿಗೆ ಸ್ವಲ್ಪ ಆಸೆ ಚಿಗುರಿತು.

ಕರೆ ಮಾಡಿದವರನ್ನು ಸರದಿಯಲ್ಲಿ ನಿಲ್ಲಿಸಿ ಒಳಗೆ ಬಿಡುವುದೂ ಅವನ ಕೆಲಸವೇ. ಮೊದಲು ಫೋನ್ ಮಾಡಿದ ನಿವೃತ್ತ ಇತಿಹಾಸದ ಮೇಷ್ಟ್ರನ್ನು ಬೇಕೆಂದೇ ಇಪ್ಪತ್ತೈದು ನಿಮಿಷ ಕಾಯಿಸಿದ. ನಡುವೆ ಎರಡು ಸಲ, "ಮರೆತೇ ಹೋಗಿತ್ತು ಸಾರ್, ಇನ್ನೊಂಚೂರು ಇರಿ," ಎಂದ. ದೇವರೇ ಆದರೂ ರೇಗಬೇಕಿತ್ತು. ಒಳಗೆ ಬಿಟ್ಟಾಗ ಮೇಷ್ಟ್ರು, "ಕಾಯಿಸಿದ್ದಕ್ಕೆ ವಂದನೆಗಳು. ಅಷ್ಟರಲ್ಲಿ ನನ್ನ ಟಿಪ್ಪಣಿಗಳನ್ನೆಲ್ಲ ಇನ್ನೊಮ್ಮೆ ಓದಿಕೊಂಡೆ," ಎಂದು ಗೋಪುರದ ಇಟ್ಟಿಗೆಯ ಅಳತೆಯನ್ನು ಹೇಳತೊಡಗಿದರು.

ಆಗ ಗುಂಡಿಯಣ್ಣನಿಗೆ ಹೊಳೆದದ್ದು ಪಕ್ಕದ ಮನೆಯ ಡ್ರೈವರ್ ಯಜಮಾನರು. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಬಾಯಿ ತೆರೆದರೆ ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ತೊಟ್ಟಿಕ್ಕುವ ನಲ್ಲಿಗೂ, ತಡವಾಗಿ ಬಂದ ಪೇಪರಿಗೂ, ಬಿಚ್ಚದ ಚಪ್ಪಲಿ ಬಾರಿಗೂ ಅವರಲ್ಲಿ ಬೇರೆಬೇರೆ ಬೈಗುಳ ಇದ್ದವು. ಅದರಲ್ಲೂ ಗಡಿಯಾರ ಗೋಪುರದ ವೃತ್ತವೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲ.

ಗುಂಡಿಯಣ್ಣ ಫೋನ್ ಹಚ್ಚಿದ. "ಯಜಮಾನ್ರೇ, ಗೋಪುರದ ಬಗ್ಗೆ ರೇಡಿಯೋಲಿ ನಾಲ್ಕು ಮಾತು ಆಡ್ತೀರಾ? ಮನಸ್ಸಲ್ಲಿ ಇರೋದನ್ನ ಇದ್ದ ಹಾಗೇ ಹೇಳಿ. ಏನೂ ಮುಚ್ಚಿಡಬೇಡಿ."

ಯಜಮಾನರು ಆ ಗೋಪುರದ ಬಗ್ಗೆ ಅಲ್ಲೇ ಒಂದು ವಾಕ್ಯ ಆಡಿದರು. ಗುಂಡಿಯಣ್ಣನ ಕಣ್ಣಲ್ಲಿ ನೀರು ಬಂತು. ಅಷ್ಟು ಸೊಗಸಾದ, ಪ್ರಸಾರಕ್ಕೆ ಅಷ್ಟು ಅಯೋಗ್ಯವಾದ ವಾಕ್ಯವನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

"ಇದೇ! ಇದನ್ನೇ ಹೇಳಿ!" ಎಂದು ಲೈನನ್ನು ಒಳಗೆ ಬಿಟ್ಟು, ಗುಂಡಿಯ ಮೇಲೆ ಕೈಯಿಟ್ಟು ಕೂತ. ಗಾಜಿನಾಚೆ ನಿರೂಪಕ, "ನಮಸ್ಕಾರ, ಮಾತಾಡಿ," ಎಂದ.

ಯಾರೋ ಹೊಸ ಮನುಷ್ಯನ ದನಿ ಬಂತು. "ನಮಸ್ಕಾರ ಸ್ವಾಮಿ. ನಾನೊಬ್ಬ ಸಾಧಾರಣ ಬಸ್ ಚಾಲಕ. ತಪ್ಪಿದ್ರೆ ದಯವಿಟ್ಟು ಕ್ಷಮಿಸಿ."

ಗುಂಡಿಯಣ್ಣ ಲೈನ್ ತಪ್ಪಿತೇನೋ ಎಂದು ದೀಪಗಳನ್ನು ನೋಡಿದ. ಲೈನು ಸರಿಯಾಗಿಯೇ ಇತ್ತು.

"ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ ಆ ಗೋಪುರದ ಹತ್ರ ನನ್ನ ಬಸ್ಸು ನಿಂತುಬಿಡ್ತಿತ್ತು," ಎಂದರು ಯಜಮಾನರು. "ಒಬ್ಬ ನರ್ಸಮ್ಮ ಅದೇ ಹೊತ್ತಿಗೆ ರಸ್ತೆ ದಾಟ್ತಿದ್ರು. ಒಂದು ವರ್ಷ ಬರೀ ನೋಡಿದೆ. ಎರಡನೇ ವರ್ಷ ಹಾರ್ನ್ ಹೊಡೆದೆ."

ಯಜಮಾನರಿಗೆ ಮೈಕಿನ ಭಯ ಹತ್ತಿದೆ ಎಂದು ಗುಂಡಿಯಣ್ಣನಿಗೆ ಅರ್ಥವಾಯಿತು. ಅವನ ಮುಂದೊಂದು ಪುಟ್ಟ ಮೈಕು ಇತ್ತು. ಅದರ ಸ್ವಿಚ್ಚು ಮೇಲಿದ್ದರೆ ಅವನ ಮಾತು ಫೋನ್ ಮಾಡಿದವರ ಕಿವಿಗೆ ಮಾತ್ರ, ಕೆಳಗಿದ್ದರೆ ಪ್ರಸಾರಕ್ಕೂ ಹೋಗುತ್ತದೆ. ಮೇಲಿಟ್ಟು ಪಿಸುಗುಟ್ಟಿದ: "ಆ ಟ್ರಾಫಿಕ್ ಪೊಲೀಸಿನವನು! ಮರೆತ್ರಾ? ದಿನಾ ಬೈತಿದ್ರಲ್ಲ!"

"ಹಾಂ, ಈಗ ನೆನಪಾಯ್ತು," ಎಂದರು ಯಜಮಾನರು ಪ್ರಸಾರದಲ್ಲೇ. "ಅಲ್ಲೊಬ್ಬ ಪೊಲೀಸಿನವನು ನಿಲ್ತಿದ್ದ. ಪಾಪ, ಬಿಸಿಲಲ್ಲಿ ಒಣಗಿ ಹೋಗ್ತಿದ್ದ. ದೇವರಂಥ ಮನುಷ್ಯ."

"ಲಾರಿಯವ್ರು! ಅಡ್ಡ ಬರ್ತಿದ್ದ ಲಾರಿಯವ್ರು!"

"ಲಾರಿ ಚಾಲಕರೂ ನಮ್ಮ ಅಣ್ಣತಮ್ಮಂದಿರೇ ಸ್ವಾಮಿ."

ಗುಂಡಿಯಣ್ಣನ ತಾಳ್ಮೆ ಕಿತ್ತುಕೊಂಡು ಹೋಯಿತು. ಕುರ್ಚಿ ಕಣ್ಣೆದುರೇ ಕೈ ಬಿಟ್ಟು ಹೋಗುತ್ತಿದೆ, ಈ ಮನುಷ್ಯ ಸಂತನ ಹಾಗೆ ಮಾತಾಡುತ್ತಿದ್ದಾನೆ. ಮೇಜು ಗುದ್ದಿ ಮುಂದಕ್ಕೆ ಬಾಗಿದ. ಮೊಣಕೈ ತಗುಲಿ ಸ್ವಿಚ್ಚು ಕೆಳಗೆ ಬಿತ್ತು. ಹುಟ್ಟಿದಾರಭ್ಯ ಒಂದೂ ಕೆಟ್ಟ ಮಾತಾಡದ ಗುಂಡಿಯಣ್ಣನ ಬಾಯಿಂದ, ಯಜಮಾನರಿಂದಲೇ ಗೋಡೆಯಾಚೆಗೆ ಕೇಳಿ ಕಲಿತ, ಮೂರು ತಲೆಮಾರನ್ನು ಒಟ್ಟಿಗೆ ಸುತ್ತಿಕೊಂಡು ಬರುವಂಥ ಒಂದು ಪದ ಹೊರಬಿತ್ತು.

ಗಾಜಿನಾಚೆ ನಿರೂಪಕನ ಬಾಯಿ ತೆರೆದುಕೊಂಡಿತು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಒಂದು ಸೆಕೆಂಡು ಗುಂಡಿಯಣ್ಣ, ಯಾರಪ್ಪಾ ಹೀಗೆ ಬೈದದ್ದು ಎಂದು ಸುತ್ತಲೂ ನೋಡಿದ. ಇನ್ನೂ ಮೂರು ಸೆಕೆಂಡು ತಾನೇ ಎಂದು ನಂಬಲಿಲ್ಲ. ಐದನೆಯದಕ್ಕೆ ಜೀವ ಬಾಯಿಗೆ ಬಂತು. ಆರನೆಯದಕ್ಕೆ ಎರಡೂ ಕೈಯಿಂದ ಗುಂಡಿ ಒತ್ತಿದ. ಊರಿಗೆ ಸಂಗೀತದ ತುಣುಕು ಕೇಳಿಸಿತು. ಹನ್ನೊಂದು ವರ್ಷದ ಧೂಳು ಎದ್ದು ಅವನಿಗೆ ಮೂರು ಸೀನು ಬಂದವು.

ನಿರೂಪಕ ಹಾಡು ಹಾಕಿ ಓಡಿಬಂದ. ಹಿಂದೆಯೇ ಮೇಡಂ ಬಂದರು. ಅವರ ಮುಖದಲ್ಲಿ ಗೌರವವಿತ್ತು.

"ಒತ್ತಿದ್ರಾ?"

"ಒತ್ತಿದೆ ಮೇಡಂ."

"ಸದ್ಯ, ನಿಲಯದ ಮರ್ಯಾದೆ ಉಳೀತು! ಆ ಡ್ರೈವರ್ ತಾನೇ ಬೈದಿದ್ದು? ಹನ್ನೆರಡಕ್ಕೆ ಪ್ರಕಟಣೆ ಓದಿಬಿಡೋಣ. ಅಸಭ್ಯವಾಗಿ ಮಾತಾಡಿದ ಬಸ್ ಚಾಲಕರಿಗೆ ಇನ್ನು ಮುಂದೆ ಈ ಕಾರ್ಯಕ್ರಮದಲ್ಲಿ ಪ್ರವೇಶ ಇಲ್ಲ ಅಂತ. ನಿಮ್ಮ ಕುರ್ಚಿಗೆ ಏನೂ ಆಗಲ್ಲ, ನಿಶ್ಚಿಂತೆಯಿಂದಿರಿ."

ಹೂಂ ಎಂದರೆ ಸಾಕಿತ್ತು. ಇಡೀ ಬೀದಿಯಲ್ಲಿ ಅದನ್ನು ನಂಬದವರು ಒಬ್ಬರೂ ಸಿಗುತ್ತಿರಲಿಲ್ಲ. ಗುಂಡಿಯಣ್ಣ ಹೂಂ ಎನ್ನಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಜೇಬಿನ ಫೋನ್ ಹೊಡೆದುಕೊಂಡಿತು. ಯಜಮಾನರು.

"ನಡುವೆ ಯಾವನೋ ಕತ್ತೆ ಬಡ್ಡಿಮಗ ಲೈನಲ್ಲಿ ಬೈದ ಕಣಪ್ಪ," ಎಂದರು. ಅವರ ದನಿ ಒದ್ದೆಯಾಗಿತ್ತು. "ಹೋಗ್ಲಿ ಬಿಡು. ಆ ನರ್ಸಮ್ಮ, ಅದೇ ನಮ್ಮನೆಯವ್ಳು, ರೇಡಿಯೋ ಮುಂದೇನೇ ಕೂತಿದ್ಲು. ಎಲ್ಲಾ ಕೇಳಿದಾಳೆ. ಇಪ್ಪತ್ತು ವರ್ಷ ಆಗಿತ್ತು ನನ್ನ ಮುಖ ನೋಡಿ ನಕ್ಕು. ಈಗ ಕೈ ಹಿಡ್ಕೊಂಡು ಕೂತಿದಾಳೆ. ಹನ್ನೆರಡರ ತನಕ ರೇಡಿಯೋ ಆರಿಸಬೇಡಿ, ನಿಮ್ಮ ವಿಷಯ ಮತ್ತೆ ಹೇಳಬಹುದು ಅಂತಿದಾಳೆ."

ಗುಂಡಿಯಣ್ಣ ಫೋನ್ ಇಟ್ಟ. ಕುರ್ಚಿ ನೋಡಿದ. ಗೋಡೆ ಗಡಿಯಾರ ನೋಡಿದ. ಹನ್ನೊಂದೂ ಐವತ್ತು.

"ಮೇಡಂ, ಅವ್ರಲ್ಲ," ಎಂದ. "ಬೈದಿದ್ದು ನಾನು."

ನಿರೂಪಕ ಕೂತುಬಿಟ್ಟ. ಮೇಡಂ ಸಮಾಧಾನವಾಗಿಯೇ ಲೆಕ್ಕ ಬಿಡಿಸಿದರು.

"ಅಂದ್ರೆ ಹನ್ನೊಂದು ವರ್ಷದಲ್ಲಿ ಈ ಕಾರ್ಯಕ್ರಮದಲ್ಲಿ ಬೈದವರು ಒಬ್ರೇ. ಅದು ನೀವು. ನಿಮ್ಮನ್ನ ಈ ಕೋಣೆಯಿಂದ ಆಚೆ ಕಳಿಸಿದ್ರೆ ಗುಂಡಿಯ ಅಗತ್ಯಾನೇ ಇಲ್ಲ."

ಗುಂಡಿಯಣ್ಣ ಈ ತರ್ಕದಲ್ಲಿ ಒಂದು ತೂತು ಹುಡುಕಿದ. ಸಿಗಲಿಲ್ಲ. ಹನ್ನೆರಡೂವರೆಗೆ ಮೆಕ್ಯಾನಿಕ್ಕು ಬಂದು ಗುಂಡಿ ಬಿಚ್ಚಿಕೊಂಡು ಹೋದ. ಆ ಜಾಗದಲ್ಲಿ ದುಂಡನೆಯ ಕುಳಿಯೊಂದು ಉಳಿಯಿತು.

"ನಿಜ ಹೇಳಿದ್ದಕ್ಕೆ ಮನೆಗೆ ಕಳಿಸ್ತಿಲ್ಲ," ಎಂದರು ಮೇಡಂ. "ನಾಳೆಯಿಂದ ಅತಿಥಿಗಳ ಜವಾಬ್ದಾರಿ ನಿಮ್ಮದು. ಸ್ಟುಡಿಯೋ ಒಳಗೆ ಅವ್ರ ಪಕ್ಕದಲ್ಲೇ ಕೂರಬೇಕು, ನೀರು ಕೊಡಬೇಕು, ಮಾತು ಹದ್ದು ಮೀರದ ಹಾಗೆ ನೋಡ್ಕೋಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾತ್ರ ಮನೆಗೇ. ನಾಳೆ ಆ ಡ್ರೈವರ್ ಹಿರಿಯರನ್ನೇ ಕರೀರಿ, ಪೂರ್ತಿ ಎರಡು ಗಂಟೆ. ಎಷ್ಟು ಸಭ್ಯರು!"

ಸಂಜೆ ಗುಂಡಿಯಣ್ಣ ಸುದ್ದಿ ಹೇಳಲು ಪಕ್ಕದ ಮನೆಗೆ ಹೋದ. ನರ್ಸಮ್ಮ ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹೊಸ ಲೋಟದಲ್ಲಿ ಟೀ ತಂದುಕೊಟ್ಟು, "ಇವ್ರಿಗೆ ಇಷ್ಟೆಲ್ಲ ನೆನಪಿದೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡಪ್ಪ," ಎಂದು ನಾಚಿದರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿ ಮದುಮಗನ ಹಾಗೆ ಕೂತಿದ್ದರು. ಟೀ ಬಿಸಿಯಾಗಿತ್ತು. ಕುರ್ಚಿ ಹೋದರೂ ತಾನು ಮಾಡಿದ್ದು ಸರಿಯಾಯಿತು ಎಂದು ಗುಂಡಿಯಣ್ಣನಿಗೆ ತುಂಬ ಹಿತವೆನಿಸಿತು.

"ನಾಳೆ ಸ್ಟುಡಿಯೋಗೆ ಬರ್ಬೇಕಂತೆ ಯಜಮಾನ್ರೇ. ಎರಡು ಗಂಟೆ. ಇವತ್ತು ಮಾತಾಡಿದ ಹಾಗೇ ಮಾತಾಡಿದ್ರೆ ಸಾಕು."

"ಇವತ್ತಿನ ಹಾಗಾ? ಛೇ! ಇವತ್ತು ಎದೆ ಡವಡವ ಅಂತಿತ್ತು, ಅದಕ್ಕೇ ಆ ಸಪ್ಪೆ ಮಾತೆಲ್ಲ ಬಂತು," ಎಂದು ಯಜಮಾನರು ನಕ್ಕರು. "ಈಗ ಭಯ ಪೂರ್ತಿ ಹೋಗಿದೆ ಕಣಪ್ಪ. ನಾಳೆ ನೋಡು, ಮನೇಲಿ ಮಾತಾಡೋ ಹಾಗೇ ಮಾತಾಡ್ತೀನಿ."

ಅಷ್ಟರಲ್ಲಿ ಹೊರಗೆ ಯಾರೋ ಗೇಟಿಗೆ ಅಡ್ಡವಾಗಿ ಸ್ಕೂಟರ್ ನಿಲ್ಲಿಸಿದರು. ಯಜಮಾನರು ಕೂತಲ್ಲಿಂದಲೇ ಕಿಟಕಿಯ ಕಡೆ ತಿರುಗಿ, ಉಸಿರು ತೆಗೆದುಕೊಳ್ಳದೆ ಆರು ಮಾತಾಡಿದರು. ಎದುರು ಮನೆಯ ಕಿಟಕಿಗಳು ಒಂದರ ಹಿಂದೊಂದು ಮುಚ್ಚಿಕೊಂಡವು.

ಗುಂಡಿಯಣ್ಣ ಲೋಟ ಕೆಳಗಿಟ್ಟ. ತನ್ನ ಬಲ ಅಂಗೈಯನ್ನು ಅಗಲಿಸಿ ನೋಡಿಕೊಂಡು, ಆಮೇಲೆ ಯಜಮಾನರ ಬಾಯಿಯ ಅಗಲವನ್ನು ಕಣ್ಣಲ್ಲೇ ಅಳೆದ.