ಪಾಟಿ ಮುಂದ ಮನಿ ನಕ್ಷೆ

ನಮ್ಮ ಮ್ಯೂಸಿಯಮ್ಮಿನಾಗ ದಿನಾ ಒಂದಿಲ್ಲೊಂದು ನಡೀತಿರ್ತದ, ನೆಟ್ಟಗ ಕುಂತು ಒಂದು ಕಪ್ಪು ಚಾ ಕುಡಿಯಾಕ ಆಗಂಗಿಲ್ಲ. ದೇಶದ ತುಂಬ ದೊಡ್ಡ ದೊಡ್ಡ ಕಟ್ಟಡ ಕಟ್ಟಿಸಿದ ಆರ್ಕಿಟೆಕ್ಟ್ ಸಾಹೇಬ್ರು ಹುಟ್ಟಿ ಬೆಳೆದ ಮನಿ ಇದು, ಮಾನ್ವಿ ಕಡಿ ಒಂದು ಹಳ್ಳ್ಯಾಗ. ಅವರ ತೊಟ್ಟಿಲ, ಅಕ್ಷರ ತಿದ್ದಿದ ಪಾಟಿ, ಶಾಲಿ ಚೀಲ ಇಟ್ಟು ಬೋರ್ಡ್ ಹಾಕ್ಯಾರ. ಕೀಲಿ ನನ್ನ ಕೈಯಾಗ. ಹಿಂದಿನ ಖೋಲ್ಯಾಗ ಸಾಹೇಬ್ರ ಸೋದರತ್ತಿ ಇರ್ತಾಳ. ಊರಿಗೆಲ್ಲ ಅಕಿ ಯವ್ವ.

೧. ತೊಟ್ಟಿಲ

ರಾಯಚೂರಿಂದ ಮೇಡಂ ಒಬ್ರು ಶಾಲಿ ಹುಡುಗ್ಯಾರನ್ನ ಕರ್ಕೊಂಡು ಬಂದಿದ್ರು. ನಾನು ಬೋರ್ಡ್ ಓದಿದೆ: "ಈ ತೊಟ್ಟಿಲಲ್ಲಿ ಮಲಗಿಯೇ ಅವರು ಮಾಳಿಗೆಯ ತೊಲೆಗಳನ್ನು ಎಣಿಸುತ್ತಿದ್ದರು." ಎಲ್ಲಾರೂ ಬರಕೊಂಡ್ರು.

ಹೊಸ್ತಿಲದಾಗ ಕುಂತ ಯವ್ವ ಸುಮ್ಮನಿರಬೇಕಲ್ಲ. "ಎಣಿಸಾದೆಲ್ಲಿ ಬಂತು? ನಮ್ಮ ತೊಟ್ಟಿಲ ಮುರದಿತ್ತು, ಒಲಿಗೆ ಹಾಕಿದ್ವಿ. ಇದು ಬಾಜೂ ಮನೀದು" ಅಂದ್ಲು.

ಮೇಡಂ ಪೆನ್ನು ಹಿಡಿದು ನಿಂತ್ರು. "ಹಂಗಾದ್ರ ಇದರಾಗ ಮಲಗಿದವರು ಯಾರ್ರಿ?"

"ಇಂವನ" ಅಂತ ಯವ್ವ ನನ್ನ ಕಡಿ ಬೆರಳು ಮಾಡಿದ್ಲು. ಹುಡುಗ್ಯಾರು ನನ್ನನ್ನ ತೊಟ್ಟಿಲದ ಬಾಜೂ ನಿಂದ್ರಿಸಿ ಫೋಟೊ ತಕ್ಕೊಂಡ್ರು.

೨. ಪಾಟಿ

ದೇವದುರ್ಗದ ಒಬ್ರಿಗೆ ಹೊಸ ಮನಿ ಕಟ್ಟೋದಿತ್ತು. ಅಡಗಿ ಮನಿ ಎಲ್ಲಿರಬೇಕಂತ ಗಂಡ ಹೆಂಡ್ತಿಗೆ ದಿನಾ ಜಗಳ. ಬೇಸತ್ತು ನಕ್ಷೆ ತಂದು ಸಾಹೇಬ್ರ ಪಾಟಿ ಮುಂದ ಇಟ್ಟು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಹೋದ್ರು. ಜಗಳ ನಿಂತಿತಂತ.

ಆ ಸುದ್ದಿ ಹಬ್ಬಿದ್ದ ತಡ, ಕವಿತಾಳ, ಗುಂಜಹಳ್ಳಿ, ಕುರ್ಡಿ, ಎಲ್ಲಾ ಕಡಿಂದ ಜನ ನಕ್ಷೆ ಸುರುಳಿ ಸುತ್ತಿಗೊಂಡು ಬರಾಕ ಹತ್ತಿದ್ರು. ಒಬ್ಬಾಂವ ಗ್ವಾಡಿ ಮ್ಯಾಲಿನ ಸಾಹೇಬ್ರ ಫೋಟೊಕ್ಕ ಹಾರ ಹಾಕಾಕ ಹೋದ. ನಾನು ಓಡಿ ಹೋಗಿ ಹಿಡಿದೆ: "ಸಾಹೇಬ್ರು ಇನ್ನ ಜೀವಂತ ಅದಾರ್ರಿ."

"ಹಂಗಾದ್ರ ಛಲೋ ಆತು ಬಿಡ್ರಿ, ಲಗೂನ ಕೇಳಿಸ್ತದ" ಅಂದ.

೩. ತಪಾಸಣಿ

ಕಡಿಗಿ ರಾಯಚೂರಿನ ಕಚೇರಿಯಿಂದ ಪತ್ರ ಬಂತು. ಮ್ಯೂಸಿಯಂ ಗುಡಿ ಆಗ್ಯಾದಂತ ದೂರು, ಸಾಹೇಬ್ರೊಬ್ರು ತಪಾಸಣಿಗೆ ಬರ್ತಾರ, ಖರೇ ಇದ್ರ ಸಾಮಾನೆಲ್ಲ ರಾಯಚೂರಿಗೆ ಒಯ್ದು ಮನಿಗೆ ಕೀಲಿ ಹಾಕ್ತಾರ. ನನ್ನ ನೌಕರಿನೂ ಹೋಗ್ತಿತ್ತು. ಯವ್ವ ಮಾತ್ರ, "ಪಾಟಿ ಒಯ್ದ್ರ ನಾನೂ ಅದರ ಸಂಗಟ ಗಾಡಿ ಹತ್ತತೀನಿ" ಅಂತ ಗಂಟು ಕಟ್ಟಿ ಕುಂತ್ಲು. ನನಗ ಕುಂತಲ್ಲಿ ಕುಂದ್ರಾಕ ಆಗವಲ್ದು. ಬಾಗಲಕ್ಕ ಹೋಗಿ ದಾರಿ ನೋಡೋದು, ಒಳಗ ಬಂದು ಪಾಟಿ ಒರಸೋದು, ಮತ್ತ ಬಾಗಲಕ್ಕ ಓಡೋದು.

ತಪಾಸಣಿ ಸಾಹೇಬ್ರು ಬಂದವ್ರೇ ಪಾಟಿ ಕಟ್ಟಿನ ಸಂದ್ಯಾಗ ಬೆರಳಾಡಿಸಿದ್ರು. ಬೆರಳು ಕೆಂಪಗಾತು.

"ಇದು ಮ್ಯೂಸಿಯಂ, ದೇವಸ್ಥಾನ ಅಲ್ಲ. ಇದ್ದದ್ದನ್ನು ಇದ್ದಂತೆ ವರದಿ ಬರೆಯುತ್ತೇನೆ" ಅಂದ್ರು.

ಡ್ರೈವರನ್ನ ಹೊರಗ ಕಳಿಸಿದ್ರು, ಬಾಗಲ ಮುಂದಕ್ಕ ಮಾಡಿದ್ರು, ಫೈಲ್ ಬಿಚ್ಚಿದ್ರು. ಒಳಗಿಂದ ವರದಿ ಹಾಳಿ ಬರ್ಲಿಲ್ಲ, ನಾಕ ಮಡಚಿದ ಮನಿ ನಕ್ಷೆ ಬಂತು. ಬೂಟು ಬಿಚ್ಚಿ, ನಕ್ಷೆ ಪಾಟಿ ಮುಂದ ಇಟ್ಟು ಕೈ ಮುಗಿದ್ರು.

ನಾನು ಹೆದರಿಕೋತ ಕೇಳಿದೆ: "ಪಾಟಿ ರಾಯಚೂರಿಗೆ ಯಾವಾಗ ಒಯ್ತೀರ್ರಿ?"

"ನಮ್ಮ ಮನಿ ಮುಗೀಲಿ ತಡೀಪಾ" ಅಂದ್ರು. ಕಚೇರಿ ಭಾಷಾ ಎಲ್ಲಿ ಹೋತೋ ಏನೋ.

ಯವ್ವ ಗಂಟು ಬಿಚ್ಚಿಕೋತ ಕೇಳಿದ್ಲು: "ಬರೇ ಕೈಲೆ ಬಂದೀರೇನ್ರಿ? ಟೆಂಗಿನಕಾಯಿ?"

ಸಾಹೇಬ್ರು ದನಿ ಸಣ್ಣ ಮಾಡಿ ಅಂದ್ರು: "ಕಾರಿನ್ಯಾಗ ಅದ, ಯವ್ವಾ."